ಹೇರಿನ ಅಗಲಕ್ಕೆ ತಕ್ಕ ಕನ್ನಡಿ ಇರಲಿ

ಸುಗ್ಗಿ ಬಂತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ರಸ್ತೆಗಳ ರೂಪವೇ ಬದಲಾಗುತ್ತದೆ. ರಸ್ತೆಯ ಅರ್ಧ ಭಾಗದಲ್ಲಿ ಗೋವಿನಜೋಳ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಉಳಿದ ಅರ್ಧದಲ್ಲಿ ಹುಲ್ಲು, ಕಣಿಕೆ, ಕಬ್ಬು, ಹತ್ತಿ ಅಂಡಿಗೆ, ಜೋಳದ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಅವುಗಳ ಹಿಂದೆ ಶಾಲೆಗೆ ಹೊರಟ ಹುಡುಗರ ಸೈಕಲ್ಲು, ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರು ಸೈಕಲ್ಲು, ಸಮಯಕ್ಕೆ ಮುಟ್ಟಬೇಕಾದ ಬಸ್ಸು ದಾರಿಗಾಗಿ ಕಾಯುತ್ತಿರುತ್ತವೆ. ಮುಂದೆ ಕುಳಿತ ಚಾಲಕನಿಗೆ ಇವು ಯಾವುವೂ ಕಾಣುವುದಿಲ್ಲ. ಅವನು ಕಣ್ಣು ಹಾಯಿಸಬೇಕಾದ ಕನ್ನಡಿಯೇ ಹೇರಿನ ಮರೆಯಲ್ಲಿರುತ್ತದೆ.

ಕಳೆದ ಸುಗ್ಗಿಯಲ್ಲಿ ಒಂದು ದಿನ ನಾನು ಕ್ಷೇತ್ರ ಭೇಟಿ ಮುಗಿಸಿ ಹಾನಗಲ್ ಕಡೆಗೆ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದೆ. ಮುಂದೆ ಭತ್ತದ ಹುಲ್ಲಿನ ಟ್ರ್ಯಾಕ್ಟರೊಂದು ರಸ್ತೆ ತುಂಬಿಕೊಂಡು ಹೋಗುತ್ತಿತ್ತು. ಅರ್ಧ ಕಿಲೋಮೀಟರು ಹಾರ್ನ್ ಹೊಡೆದೆ. ಚಾಲಕ ಡೆಕ್ಕಿನಲ್ಲಿ ಹಾಡು ಹಾಕಿದ್ದ, ಕೇಳಲಿಲ್ಲ. ಎದುರಿನ ದಾರಿ ತೆರವಾದುದನ್ನು ಕಂಡು ಬಲಕ್ಕೆ ಬಂದು ಮುಂದೆ ಹೋಗಲು ಹವಣಿಸುತ್ತಿದ್ದಂತೆಯೇ ಟ್ರ್ಯಾಕ್ಟರು ಹೊಲದ ದಾರಿಗೆಂದು ಬಲಕ್ಕೆ ಹೊರಳಿತು. ಬ್ರೇಕು ಹಿಡಿದು ರಸ್ತೆಯ ಬದಿಗೆ ಇಳಿದು ನಿಂತೆ. ಚಾಲಕ ಗುರುತಿನ ರೈತರೇ. ಇಳಿದು ಬಂದು ಗಾಬರಿಯಿಂದ ಹೇಳಿದರು: "ನೀವು ಕಾಣಲೇ ಇಲ್ರಿ ಸಾಹೇಬ್ರ. ಕನ್ನಡಿ ಐತ್ರಿ, ಆದ್ರ ಅದರಾಗ ನನ್ನ ಹುಲ್ಲು ಬಿಟ್ರ ಮತ್ತೇನೂ ಕಾಣಂಗಿಲ್ರಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಟ್ರ್ಯಾಕ್ಟರಿನ ಜೊತೆಗೆ ಬಂದ ಕನ್ನಡಿ ಟ್ರ್ಯಾಕ್ಟರಿನ ಅಗಲಕ್ಕೆ ತಕ್ಕದ್ದು. ಅದಕ್ಕೆ ಕಟ್ಟಿದ ಟ್ರೇಲರು ಟ್ರ್ಯಾಕ್ಟರಿಗಿಂತ ಅಗಲ. ಟ್ರೇಲರಿನ ಮೇಲಿನ ಹೇರು ಟ್ರೇಲರಿಗಿಂತಲೂ ಅಗಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂಬ ಗಾದೆ ನಿಜವೇ. ಆದರೆ ಬೆನ್ನ ಹಿಂದಿನದಕ್ಕೆ ಕನ್ನಡಿಯಲ್ಲದೆ ಬೇರೆ ಕಣ್ಣಿಲ್ಲ. ಆದ್ದರಿಂದ ಕನ್ನಡಿಯನ್ನು ಟ್ರ್ಯಾಕ್ಟರು ನೋಡಿ ಆರಿಸದೆ, ಹೇರಿನ ಅಗಲ ಅಳೆದು ಆರಿಸಬೇಕು. ಯಾವ ಕನ್ನಡಿಗೂ ನಿಲುಕದಷ್ಟು ಅಗಲದ ಹೇರನ್ನು ರಸ್ತೆಗೆ ತರಬಾರದು. ಈ ಲೇಖನದ ಸಾರಾಂಶ ಇಷ್ಟೇ.

ಹೇರು ಏಕೆ ಬೆಳೆಯುತ್ತಿದೆ?

ಚಕ್ಕಡಿಯ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಎತ್ತಿನ ನಡಿಗೆಯ ವೇಗದಲ್ಲಿ ಹೋಗುವ ಬಂಡಿಯಿಂದ ಒಬ್ಬ ಇಳಿದು, ಪಕ್ಕದಲ್ಲಿ ನಡೆದು ಹಿಂದೆ ಮುಂದೆ ನೋಡಬಹುದಾಗಿತ್ತು. ಹಿಂದಿನಿಂದ ಬರುವ ವಾಹನಗಳೂ ವಿರಳ. ಈಗ ಎರಡೂ ಬದಲಾಗಿವೆ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇದು ರೈತರಿಗೆ ಒಳ್ಳೆಯ ಸುದ್ದಿಯೇ. ಬೆಲೆ ಇಳಿದಾಗ ಹೆಚ್ಚು ಮಂದಿ ಟ್ರ್ಯಾಕ್ಟರು ಕೊಳ್ಳುತ್ತಾರೆ. ಕೊಂಡ ಟ್ರ್ಯಾಕ್ಟರು ಉಳುಮೆ ಮುಗಿದ ಮೇಲೆ ನಿಲ್ಲುವುದಿಲ್ಲ, ಬಾಡಿಗೆ ಹೇರಿಗೆ ರಸ್ತೆಗಿಳಿಯುತ್ತದೆ. ವರ್ಷದಲ್ಲಿ ಹೊಲದಲ್ಲಿ ದುಡಿಯುವ ದಿನಗಳಿಗಿಂತ ರಸ್ತೆಯ ಮೇಲೆ ಓಡುವ ದಿನಗಳೇ ಹೆಚ್ಚಾಗಿರುವ ಟ್ರ್ಯಾಕ್ಟರುಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಅದೇ ವರ್ಷದ ಸುಗ್ಗಿಯಲ್ಲಿ ಗೋವಿನಜೋಳದ ಧಾರಣೆ ಕುಸಿಯಿತು. ಕೇಂದ್ರ ಸರಕಾರ 2025-26ನೇ ಸಾಲಿಗೆ ಗೋವಿನಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿದ್ದರೂ ಪೇಟೆಯಲ್ಲಿ ಅದು ಸಿಗಲಿಲ್ಲ. 2025ರ ನವೆಂಬರಿನಲ್ಲಿ ಹಾವೇರಿ, ಗದಗ ಜಿಲ್ಲೆಗಳ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿಯಬೇಕಾಯಿತು. ಬೆಲೆ ಬಿದ್ದಾಗ ರೈತ ಮೊದಲು ಹಿಡಿತ ಮಾಡುವುದು ತನ್ನ ಕೈಯಲ್ಲಿರುವ ಖರ್ಚನ್ನು. ಬೀಜ, ಗೊಬ್ಬರದ ದರ ಅವನ ಕೈಯಲ್ಲಿಲ್ಲ. ಬಾಡಿಗೆ ಮಾತ್ರ ತಕ್ಕಮಟ್ಟಿಗೆ ಅವನ ಕೈಯಲ್ಲಿದೆ. ಹದಿನೈದು ಕಿಲೋಮೀಟರು ದೂರದ ಪೇಟೆಗೆ ಒಮ್ಮೆ ಹೋಗಿ ಬರಲು ಐದಾರು ಲೀಟರು ಡೀಸೆಲ್ ಬೇಕು, ಮೇಲೆ ಚಾಲಕನ ಕೂಲಿ, ಅರ್ಧ ದಿನದ ವೇಳೆ. ಮೂರು ಸಲ ತರುವುದನ್ನು ಎರಡು ಸಲಕ್ಕೆ ತಂದರೆ ಅಷ್ಟು ಉಳಿಯಿತು ಎಂದು ಲೆಕ್ಕ ಹಾಕುತ್ತಾರೆ. ಹೀಗೆ ಟ್ರೇಲರಿನ ಬದಿಗೆ ಗೂಟ ನೆಟ್ಟು, ಹಲಗೆ ಏರಿಸಿ, ಹೇರನ್ನು ಹೊರಚಾಚುವುದು ವಾಡಿಕೆಯಾಗಿದೆ.

ಇದನ್ನು ದುರಾಸೆ ಎಂದು ಕರೆದು ಬೈಯುವುದು ಸುಲಭ. ನಾನು ಹಾಗೆ ಹೇಳಲಾರೆ. ನಷ್ಟದ ಬೆಳೆಯಲ್ಲಿ ನಾಲ್ಕು ಕಾಸು ಉಳಿಸುವ ಯತ್ನ ಇದು. ಆದರೆ ಉಳಿಸಿದ ಐದಾರು ಲೀಟರು ಡೀಸೆಲ್ಲಿಗೆ ಎದುರಾಗಿ ಏನನ್ನು ಪಣಕ್ಕಿಟ್ಟಿದ್ದೇವೆ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಆರು ಸೆಕೆಂಡಿನ ಲೆಕ್ಕ

ಹೊಲದ ದಾರಿಗೆ ಬಲಕ್ಕೆ ಹೊರಳುವ ಟ್ರ್ಯಾಕ್ಟರಿನ ವೇಗ ಗಂಟೆಗೆ 8 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ಟ್ರ್ಯಾಕ್ಟರು ಮತ್ತು ಟ್ರೇಲರು ಕೂಡಿ ಸುಮಾರು 9 ಮೀಟರು ಉದ್ದ. ಬಲಬದಿಯ ಅರ್ಧ ರಸ್ತೆ ಮೂರೂವರೆ ಮೀಟರು. ಟ್ರೇಲರಿನ ಬಾಲ ರಸ್ತೆ ಬಿಟ್ಟು ಹೊಲಕ್ಕಿಳಿಯಲು ಹನ್ನೆರಡೂವರೆ ಮೀಟರು ಸಾಗಬೇಕು. ಇದಕ್ಕೆ ಹತ್ತಿರ ಹತ್ತಿರ 6 ಸೆಕೆಂಡು ಹಿಡಿಯುತ್ತದೆ.

ಈ 6 ಸೆಕೆಂಡುಗಳಲ್ಲಿ ಗಂಟೆಗೆ 60 ಕಿಲೋಮೀಟರು ವೇಗದ ಮೋಟಾರು ಸೈಕಲ್ಲು 100 ಮೀಟರು ಬಂದಿರುತ್ತದೆ. 80ರ ವೇಗದ ಕಾರು 130 ಮೀಟರು ದಾಟಿರುತ್ತದೆ. ಎಂದರೆ, ಹೊರಳುವ ಮೊದಲು ಚಾಲಕನಿಗೆ ಕಡೇಪಕ್ಷ 100 ಮೀಟರು ಹಿಂದಿನ ಬಲಬದಿ ಸ್ಪಷ್ಟವಾಗಿ ಕಾಣಬೇಕು. ಹಿಂದಿನವನು ಬ್ರೇಕು ಹಿಡಿಯುತ್ತಾನೆ ಎಂದು ನಂಬಿ ಹೊರಳುವುದು ಅವನ ಬ್ರೇಕಿನ ಮೇಲೆ, ಅವನ ಕಣ್ಣಿನ ಮೇಲೆ, ಅವನ ನಿದ್ದೆಯ ಮೇಲೆ ನಮ್ಮ ಭರವಸೆ ಇಟ್ಟಂತೆ. ರಸ್ತೆಗಳು ಡಾಂಬರು ಕಂಡಿವೆ, ಅಗಲವಾಗಿವೆ, ವೇಗ ಹೆಚ್ಚಿದೆ. ಶಿಗ್ಗಾವಿ ತಾಲೂಕಿನ ಉದ್ದಕ್ಕೂ ಹಾಯ್ದಿರುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂಕಾಪುರ, ತಡಸ ಮೊದಲಾದ ಕೂಡುರಸ್ತೆಗಳ ಬಳಿ ಟ್ರ್ಯಾಕ್ಟರು ಎಡದಿಂದ ಬಲಕ್ಕೆ ಸರಿಯುವಾಗ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಕನ್ನಡಿ ಎಲ್ಲಿರಬೇಕು?

ಮೊದಲು ಹಗ್ಗ ಅಥವಾ ಟೇಪು ಹಿಡಿದು ಮೂರು ಅಳತೆ ತೆಗೆದುಕೊಳ್ಳಿರಿ: ಟ್ರ್ಯಾಕ್ಟರಿನ ಅಗಲ, ಟ್ರೇಲರಿನ ಅಗಲ, ಹೇರು ಎಲ್ಲಿ ಅತಿ ಹೆಚ್ಚು ಹೊರಚಾಚಿದೆಯೋ ಅಲ್ಲಿಯ ಅಗಲ. ಮೂರನೆಯ ಅಳತೆಯನ್ನು ಅರ್ಧ ಮಾಡಿ, ಅದಕ್ಕೆ ಒಂದು ಗೇಣು ಕೂಡಿಸಿರಿ. ಟ್ರ್ಯಾಕ್ಟರಿನ ನಟ್ಟನಡುವಿನಿಂದ ಅಷ್ಟು ದೂರಕ್ಕೆ ಕನ್ನಡಿಯ ನಡುಭಾಗ ಬರಬೇಕು. ಎರಡೂ ಬದಿಗೆ ಇದೇ ಲೆಕ್ಕ.

ಒಂದು ಉದಾಹರಣೆ. ಟ್ರ್ಯಾಕ್ಟರಿನ ಅಗಲ 6 ಅಡಿ, ಟ್ರೇಲರಿನ ಅಗಲ 7 ಅಡಿ ಎನ್ನೋಣ. ಚೀಲಗಳನ್ನು ಟ್ರೇಲರಿನ ಒಳಗೇ ಒಟ್ಟಿದರೆ ಅರ್ಧ ಅಗಲ ಮೂರೂವರೆ ಅಡಿ. ಗೇಣನ್ನು ಮುಕ್ಕಾಲು ಅಡಿ ಎಂದು ಹಿಡಿದರೆ ನಾಲ್ಕೂಕಾಲು ಅಡಿ. ಟ್ರ್ಯಾಕ್ಟರಿನ ಅರ್ಧ ಅಗಲ 3 ಅಡಿ ಕಳೆದರೆ, ಮಡ್‌ಗಾರ್ಡಿನ ಅಂಚಿನಿಂದ ಕನ್ನಡಿಯ ತೋಳು ಒಂದೂಕಾಲು ಅಡಿ ಹೊರಗೆ ಬರಬೇಕು. ಹುಲ್ಲಿನ ಹೇರು ಎಂಟೂವರೆ ಅಡಿ ಅಗಲವಾದರೆ ತೋಳು ಎರಡು ಅಡಿ ಹೊರಗೆ ಬರಬೇಕಾಗುತ್ತದೆ. ಹೇರು ಹತ್ತು ಅಡಿಯಾದರೆ? ತೋಳು ಸುಮಾರು ಮೂರು ಅಡಿ ಚಾಚಬೇಕು. ಅಷ್ಟುದ್ದದ ತೋಳು ನಡುಗುತ್ತದೆ, ಗಿಡಗಂಟಿಗೆ ಸಿಕ್ಕುತ್ತದೆ, ಎದುರಿನ ವಾಹನಕ್ಕೆ ತಾಗುತ್ತದೆ.

ಕಾನೂನಿನ ಗೆರೆಯೂ ಸರಿಯಾಗಿ ಇಲ್ಲಿಯೇ ಬರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಒಟ್ಟು ಅಗಲ 2.6 ಮೀಟರು, ಅಂದರೆ ಸುಮಾರು ಎಂಟೂವರೆ ಅಡಿ ಮೀರಬಾರದು. ಟ್ರೇಲರಿನ ಬದಿಯಿಂದ ಹೇರು ಹೊರಚಾಚುವುದಕ್ಕೂ ಕಾನೂನಿನ ಒಪ್ಪಿಗೆಯಿಲ್ಲ. ಅದೇ ನಿಯಮಗಳು ಅಗಲ ಅಳೆಯುವಾಗ ಹಿನ್ನೋಟದ ಕನ್ನಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂದರೆ ಕನ್ನಡಿ ಹೊರಗೆ ಚಾಚಿದರೆ ತಪ್ಪಿಲ್ಲ, ಹೇರು ಚಾಚಿದರೆ ತಪ್ಪು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಹೇರು ಹೊರಗೆ, ಕನ್ನಡಿ ಒಳಗೆ.

ಇನ್ನೊಂದು ಮಾತು. ಕನ್ನಡಿ ಚಾಲಕನ ಭುಜಕ್ಕಿಂತ ಮುಂದಿರಬೇಕು. ಹಿಂದಿನ ಮಡ್‌ಗಾರ್ಡಿನ ತುದಿಗೆ ಕಟ್ಟಿದ ಕನ್ನಡಿ ನೋಡಲು ಕತ್ತು ಹೊರಳಿಸಬೇಕು. ಕತ್ತು ಹೊರಳಿಸಿದಾಗ ಮುಂದಿನ ದಾರಿ ತಪ್ಪುತ್ತದೆ. ಮುಂದಿನ ರಸ್ತೆ ನೋಡುತ್ತಿರುವಾಗಲೇ ಕಣ್ಣುಗುಡ್ಡೆ ತುಸು ಹೊರಳಿಸಿದರೆ ಸಿಗುವಂತಿರಬೇಕು. ಚಾಲಕನಿಗಿಂತ ಮೂರು ಅಡಿಯಷ್ಟು ಮುಂದೆ, ಕಣ್ಣಿನ ಮಟ್ಟಕ್ಕೆ ಇರುವುದು ಅನುಕೂಲ.

ಚಪ್ಪಟೆಯೋ, ಉಬ್ಬೋ?

ಅಂಗಡಿಯಲ್ಲಿ ಎರಡು ಬಗೆಯ ಕನ್ನಡಿ ಸಿಗುತ್ತವೆ. ಒಂದು ಚಪ್ಪಟೆ ಗಾಜಿನದು, ಇನ್ನೊಂದು ಉಬ್ಬು ಗಾಜಿನದು. ಯಾವುದು ಯಾವುದೆಂದು ತಿಳಿಯಲು ಗಾಜಿನ ಮೇಲೆ ನೇರವಾದ ಅಡಿಪಟ್ಟಿ ಇಟ್ಟು ನೋಡಿರಿ. ಪಟ್ಟಿ ನಡುವೆ ತಾಗಿ ಅಂಚುಗಳಲ್ಲಿ ಸಂದು ಕಂಡರೆ ಅದು ಉಬ್ಬು ಕನ್ನಡಿ.

ಚಪ್ಪಟೆ ಕನ್ನಡಿಯಲ್ಲಿ ಹಿಂದಿನ ವಾಹನ ಇದ್ದಷ್ಟೇ ದೂರದಲ್ಲಿ ಇದ್ದಂತೆ ತೋರುತ್ತದೆ. ಅಂತರ, ವೇಗಗಳ ಅಂದಾಜು ತಪ್ಪುವುದಿಲ್ಲ. ಆದರೆ ಅದು ತೋರಿಸುವ ಪಟ್ಟಿ ಕಿರಿದು. ಅದರಲ್ಲೂ ತೋಳು ಉದ್ದವಾಗಿ ಕನ್ನಡಿ ಕಣ್ಣಿನಿಂದ ದೂರ ಹೋದಂತೆಲ್ಲ ಪಟ್ಟಿ ಇನ್ನೂ ಕಿರಿದಾಗುತ್ತದೆ. ಎಂಟು ಅಂಗುಲ ಅಗಲದ ಚಪ್ಪಟೆ ಕನ್ನಡಿ ಕಣ್ಣಿನಿಂದ ಆರು ಅಡಿ ದೂರವಿದ್ದರೆ, 100 ಮೀಟರು ಹಿಂದೆ ಸುಮಾರು 10 ಮೀಟರು ಅಗಲದ ರಸ್ತೆ ಕಾಣುತ್ತದೆ. ಅದು ಸಾಕು. ಆದರೆ 20 ಮೀಟರು ಹಿಂದೆ ಕಾಣುವುದು ಸುಮಾರು 2 ಮೀಟರಿನ ಪಟ್ಟಿ ಮಾತ್ರ. ಪಕ್ಕಕ್ಕೆ ಬಂದ ಸೈಕಲ್ಲು ಆ ಪಟ್ಟಿಯಿಂದ ಹೊರಗೆ ಉಳಿದುಬಿಡಬಹುದು.

ಉಬ್ಬು ಕನ್ನಡಿ ಇದಕ್ಕೆ ಎದುರು. ಹತ್ತಿರದ ಅಗಲವಾದ ಜಾಗವನ್ನೆಲ್ಲ ತೋರಿಸುತ್ತದೆ. ಆದರೆ ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ. ದೂರದ ಮೋಟಾರು ಸೈಕಲ್ಲು ಅರ್ಧಕ್ಕಿಂತಲೂ ಚಿಕ್ಕದಾಗಿ, ಚುಕ್ಕೆಯಂತೆ ಕಂಡು, "ಇನ್ನೂ ದೂರ ಐತಿ, ಹೊರಳಬಹುದು" ಎಂಬ ಭ್ರಮೆ ಹುಟ್ಟಿಸುತ್ತದೆ. ಉಬ್ಬು ಕನ್ನಡಿಯೊಂದನ್ನೇ ನಂಬಿ ಬಲಕ್ಕೆ ಹೊರಳುವುದು ಅಪಾಯ.

ಆದ್ದರಿಂದ ನನ್ನ ಶಿಫಾರಸು ಹೀಗಿದೆ. ಬಲಬದಿಗೆ ಎತ್ತರ ಹೆಚ್ಚಿರುವ ಆಯತಾಕಾರದ ದೊಡ್ಡ ಚಪ್ಪಟೆ ಕನ್ನಡಿ, ಅದರ ಕೆಳಗೆ ಅದೇ ತೋಳಿಗೆ ಚಿಕ್ಕದೊಂದು ಉಬ್ಬು ಕನ್ನಡಿ ಇರಲಿ. ಎಡಬದಿಗೂ ಇದೇ ಜೋಡಿ ಇದ್ದರೆ ಉತ್ತಮ. ಒಂದನ್ನೇ ಹಾಕಿಸುವ ಶಕ್ತಿ ಇದ್ದರೆ ಎಡಕ್ಕೆ ಉಬ್ಬು ಕನ್ನಡಿ ಹಾಕಿಸಿರಿ. ಎಡಕ್ಕೆ ಹೊರಳುವಾಗ ಟ್ರೇಲರಿನ ಗಾಲಿ ಟ್ರ್ಯಾಕ್ಟರಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಆ ಮೂಲೆಯಲ್ಲಿ ನಿಂತವರನ್ನು ಕಾಣಿಸುವುದು ಉಬ್ಬು ಕನ್ನಡಿಯೇ. ಜೋಡಿ ಟ್ರೇಲರು ಕಟ್ಟಿ ಕಬ್ಬು ಸಾಗಿಸುವವರಿಗೆ ಈ ಮಾತು ಇಮ್ಮಡಿ ಅನ್ವಯಿಸುತ್ತದೆ.

ಗುಂಡಗಿನ ಚಿಕ್ಕ ಕನ್ನಡಿ, ಬಣ್ಣದ ಕುಚ್ಚು ಕಟ್ಟಿದ ಕನ್ನಡಿ, ದೇವರ ಚಿತ್ರ ಅಂಟಿಸಿದ ಕನ್ನಡಿಗಳು ಅಲಂಕಾರಕ್ಕೆ ಸರಿ. ದೇವರ ಚಿತ್ರಕ್ಕೆ ಬಾನೆಟ್ಟಿನ ಮೇಲೆ ಬೇಕಾದಷ್ಟು ಜಾಗವಿದೆ.

ತೋಳು ಗಟ್ಟಿಯಾಗಿರಲಿ

ಕನ್ನಡಿ ಎಷ್ಟೇ ಒಳ್ಳೆಯದಿದ್ದರೂ ನಡುಗುತ್ತಿದ್ದರೆ ಪ್ರಯೋಜನವಿಲ್ಲ. ಒಂಟಿ ಕಂಬಿಯ ತುದಿಗೆ ಸಿಕ್ಕಿಸಿದ ಕನ್ನಡಿಯಲ್ಲಿ ಎಂಜಿನ್ನಿನ ನಡುಕಕ್ಕೆ ಒಂದು ದೀಪ ನಾಲ್ಕಾಗಿ ಕಾಣುತ್ತದೆ. ತೋಳು ಎರಡು ಕಡೆ ಬೋಲ್ಟಿನಿಂದ ಬಿಗಿದ ಕೊಳವೆಯದಾಗಿರಲಿ, ಕೆಳಗಿನಿಂದ ಒಂದು ಆಸರೆ ಕಂಬಿ ಇರಲಿ. ಬೋಲ್ಟಿಗೆ ಸ್ಪ್ರಿಂಗ್ ವಾಷರು ಹಾಕಿಸಿರಿ. ತೋಳಿನ ಬುಡದಲ್ಲಿ ಒಂದು ರಬ್ಬರು ಬಿಲ್ಲೆ ಇಟ್ಟರೆ ನಡುಕ ಇಳಿಯುತ್ತದೆ.

ತೋಳು ಮಡಚುವಂತಿರಬೇಕು. ಹೊಲದ ಬದುವಿನ ಜಾಲಿ ಟೊಂಗೆ ತಾಗಿದಾಗ, ಗೋದಾಮಿನ ಬಾಗಿಲಲ್ಲಿ ನುಗ್ಗುವಾಗ ಹಿಂದಕ್ಕೆ ಮಡಚಿ, ರಸ್ತೆಗೆ ಬಂದಾಗ ಅದೇ ಜಾಗಕ್ಕೆ ನಿಲ್ಲುವಂತಿದ್ದರೆ ರೈತನಿಗೆ ಅದು ಕಿರಿಕಿರಿ ಅನ್ನಿಸುವುದಿಲ್ಲ. ಒಳಗೊಂದು ಹೊರಗೊಂದು ಕೊಳವೆ ಇದ್ದು ಎಳೆದು ಉದ್ದ ಮಾಡುವ ತೋಳಾದರೆ ಇನ್ನೂ ಮೇಲು. ಚೀಲ ಹೇರಿದಾಗ ಒಂದೂಕಾಲು ಅಡಿ, ಹುಲ್ಲು ಹೇರಿದಾಗ ಎರಡು ಅಡಿ. ಎಲ್ಲಿಯವರೆಗೆ ಎಳೆಯಬೇಕೆಂಬುದಕ್ಕೆ ಬಣ್ಣದ ಗುರುತು ಹಾಕಿಟ್ಟುಕೊಳ್ಳಬಹುದು. ತಾಲೂಕು ಊರಿನ ಯಾವುದೇ ವೆಲ್ಡಿಂಗ್ ಅಂಗಡಿಯವರು ಇದನ್ನು ಮಾಡಿಕೊಡಬಲ್ಲರು. ಟ್ರ್ಯಾಕ್ಟರಿಗೆ ನೇರವಾಗಿ ವೆಲ್ಡಿಂಗ್ ಮಾಡಿಸುವುದು ಬೇಡ. ಮಡ್‌ಗಾರ್ಡು ಅಥವಾ ಮೇಲ್ಛಾವಣಿಯ ಚೌಕಟ್ಟಿಗೆ ಬೋಲ್ಟಿನಿಂದ ಬಿಗಿಸಿರಿ.

ಹೊರದೇಶಗಳಲ್ಲಿ ಈ ಬಗೆಯ ಎಳೆಯುವ ಕನ್ನಡಿಗಳು ಹೊಸತಲ್ಲ. ಅಮೆರಿಕದ ರೈತರು ಪಿಕಪ್ ವಾಹನಕ್ಕೆ ದೊಡ್ಡ ಟ್ರೇಲರು ಕಟ್ಟಿ ದನ, ಹುಲ್ಲು ಸಾಗಿಸುತ್ತಾರೆ. ಅದಕ್ಕೆಂದೇ ಹೊರಗೆ ಚಾಚುವ ಕನ್ನಡಿಗಳನ್ನು ಅಲ್ಲಿ ಮಾರುತ್ತಾರೆ. ನಮ್ಮ ಪಿಕಪ್‌ಗಳು ತರಕಾರಿ, ಮಾವು, ವೀಳ್ಯದೆಲೆಗಳನ್ನು ಬೆನ್ನ ಮೇಲೆಯೇ ಹೊತ್ತು ಹೋಗುವುದರಿಂದ ಎಳೆಯುವ ಕೆಲಸ ಟ್ರ್ಯಾಕ್ಟರಿನ ಪಾಲಿಗೆ ಬಂದಿದೆ. ಬ್ರಿಟನ್ನಿನಲ್ಲಿ ಕಾರಿಗಿಂತ ಅಗಲದ ಟ್ರೇಲರು ಎಳೆಯುವವರು ಹೆಚ್ಚುವರಿ ಕನ್ನಡಿ ಹಾಕಲೇಬೇಕು. ಚಾಲಕನಿಂದ 20 ಮೀಟರು ಹಿಂದೆ, ವಾಹನದ ಬದಿಯಿಂದ 4 ಮೀಟರು ಅಗಲದವರೆಗೆ ಕಾಣಬೇಕು ಎಂಬುದು ಅಲ್ಲಿಯ ಅಳತೆಗೋಲು. ಆ ಅಳತೆಗೋಲನ್ನು ನಾವೂ ಬಳಸಿಕೊಳ್ಳಬಹುದು.

ಹೊಲದಲ್ಲಿಯೇ ಪರೀಕ್ಷೆ

ಕನ್ನಡಿ ಕಟ್ಟಿಸಿದ ಮೇಲೆ ರಸ್ತೆಗೆ ಹೋಗುವ ಮೊದಲು ಅರ್ಧ ತಾಸು ವ್ಯಯಿಸಿ ಈ ಪರೀಕ್ಷೆ ಮಾಡಿರಿ.

1. ಹೇರು ತುಂಬಿದ ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರಿಗೆ ನೇರವಾಗಿ ನಿಲ್ಲಿಸಿರಿ. ಖಾಲಿ ಟ್ರೇಲರಿನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ.

2. ಟ್ರ್ಯಾಕ್ಟರು ಓಡಿಸುವವರೇ ಸೀಟಿನಲ್ಲಿ ಕೂರಬೇಕು. ಅಪ್ಪನ ಎತ್ತರಕ್ಕೆ ಹೊಂದಿಸಿದ ಕನ್ನಡಿ ಮಗನಿಗೆ ಆಗುವುದಿಲ್ಲ.

3. ಇನ್ನೊಬ್ಬರು ಕೆಂಪು ಬಟ್ಟೆ ಹಿಡಿದು, ಚಾಲಕನಿಂದ 65 ಅಡಿ ಹಿಂದೆ, ಹೇರಿನ ಅಂಚಿನಿಂದ ಹೊರಗೆ 13 ಅಡಿಯವರೆಗೆ ಅಡ್ಡಲಾಗಿ ನಡೆಯಲಿ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಎರಡು ಕನ್ನಡಿಗಳಲ್ಲಿ ಯಾವುದಾದರೊಂದರಲ್ಲಿ ಅವರು ಕಾಣುತ್ತಲೇ ಇರಬೇಕು. ಎರಡೂ ಬದಿಗೆ ಹೀಗೆ ನೋಡಿರಿ.

4. ಮೋಟಾರು ಸೈಕಲ್ಲನ್ನು ಬಲಬದಿಯಲ್ಲಿ 100 ಮೀಟರು ಹಿಂದೆ ನಿಲ್ಲಿಸಿರಿ. ಚಪ್ಪಟೆ ಕನ್ನಡಿಯಲ್ಲಿ ಅದು ಸ್ಪಷ್ಟವಾಗಿ ಕಾಣಬೇಕು.

5. ಎಂಜಿನ್ನು ಶುರುಮಾಡಿ, ಓಡುವಾಗಿನಷ್ಟು ಆಕ್ಸಿಲರೇಟರು ಕೊಟ್ಟು ಮತ್ತೆ ನೋಡಿರಿ. ಬಿಂಬ ನಡುಗಿ ಮಸುಕಾದರೆ ತೋಳಿಗೆ ಇನ್ನೊಂದು ಆಸರೆ ಬೇಕು.

6. ಕೊನೆಗೆ, ಕನ್ನಡಿಯ ಒಳ ಅಂಚಿನಲ್ಲಿ ಹೇರಿನ ಬದಿ ಒಂದು ಬೆರಳಿನಷ್ಟು ಕಾಣುತ್ತಿರಲಿ. ಅದು ಕಂಡರೆ ಕನ್ನಡಿ ಸರಿಯಾದ ದಿಕ್ಕಿಗಿದೆ ಎಂದು ಗುರುತು. ಅರ್ಧ ಕನ್ನಡಿ ಹೇರೇ ತುಂಬಿದ್ದರೆ ತೋಳನ್ನು ಹೊರಗೆ ಎಳೆಯಿರಿ, ಇಲ್ಲವೆ ಹೇರನ್ನು ಒಳಗೆ ಕಟ್ಟಿರಿ.

ಪ್ರತಿದಿನ ಬೆಳಿಗ್ಗೆ ಡೀಸೆಲ್, ಎಣ್ಣೆ, ಗಾಳಿ ನೋಡುವಾಗ ಕನ್ನಡಿಯನ್ನೂ ಒದ್ದೆ ಬಟ್ಟೆಯಿಂದ ಒರೆಸುವ ರೂಢಿ ಮಾಡಿಕೊಳ್ಳಬೇಕು. ಸುಗ್ಗಿಯ ಮುಂಜಾವಿನ ಇಬ್ಬನಿ, ಒಕ್ಕಣೆಯ ಧೂಳು ಎರಡೂ ಗಾಜನ್ನು ಕುರುಡು ಮಾಡುತ್ತವೆ. ಒಡೆದ ಕನ್ನಡಿಯನ್ನು ಹಾಗೆಯೇ ಬಿಡಬಾರದು.

ಕನ್ನಡಿ ಮಾಡಲಾರದ ಕೆಲಸ

ಕನ್ನಡಿಯ ಗುಣ ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಟ್ರೇಲರಿನ ಬಾಲದ ಹಿಂದೆ ನೇರವಾಗಿ ಇರುವುದನ್ನು ಬದಿಯ ಯಾವ ಕನ್ನಡಿಯೂ ತೋರಿಸದು. ಕಣದಲ್ಲಿ, ಮನೆಯ ಅಂಗಳದಲ್ಲಿ, ಮಾರುಕಟ್ಟೆಯ ಪ್ರಾಂಗಣದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಾಗ ಒಬ್ಬರು ಇಳಿದು, ಚಾಲಕನಿಗೆ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಸೀಟಿ ಊದಿ ದಾರಿ ಹೇಳಬೇಕು. ಸೀಟಿ ಕೇಳಬೇಕಾದರೆ ಡೆಕ್ಕು ನಿಲ್ಲಿಸಿರಬೇಕು. ದಾರಿ ಹೇಳುವವರು ಕನ್ನಡಿಯಿಂದ ಮರೆಯಾದ ಕೂಡಲೇ ಚಾಲಕ ಗಾಡಿ ನಿಲ್ಲಿಸಬೇಕು. ಕಣದಲ್ಲಿ ಆಡುವ ಮಕ್ಕಳು ಹೆಚ್ಚಾಗಿ ನಮ್ಮವೇ ಮಕ್ಕಳು ಎಂಬುದನ್ನು ಮರೆಯಬಾರದು. ಹಿಂಬದಿ ತೋರಿಸುವ ಚಿಕ್ಕ ಕ್ಯಾಮೆರಾಗಳೂ ಈಗ ಸಿಗುತ್ತವೆ. ಕಟ್ಟಿದರೆ ಒಳ್ಳೆಯದೇ. ಆದರೆ ಇಳಿಬಿದ್ದ ಹುಲ್ಲು, ಧೂಳು ಅದರ ಕಣ್ಣನ್ನೂ ಮುಚ್ಚುತ್ತವೆ.

ಎರಡನೆಯದಾಗಿ, ಕನ್ನಡಿಯಿಂದ ನಾವು ಹಿಂದಿನವರನ್ನು ನೋಡುತ್ತೇವೆ. ಹಿಂದಿನವರು ನಮ್ಮನ್ನು ನೋಡುವುದು ಬೇರೆ ಮಾತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ ಹೆದ್ದಾರಿಯಲ್ಲಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಬಡಿದು 13 ಮಂದಿ ತೀರಿಕೊಂಡರು. ಅಲ್ಲಿ ಟ್ರ್ಯಾಕ್ಟರು ಇರಲಿಲ್ಲ ನಿಜ. ಆದರೆ ಕತ್ತಲಲ್ಲಿ ದೀಪವಿಲ್ಲದೆ ನಿಂತ, ಮೆಲ್ಲಗೆ ಸಾಗುವ ಟ್ರೇಲರುಗಳು ನಮ್ಮ ರಸ್ತೆಗಳಲ್ಲಿ ಎಷ್ಟಿಲ್ಲ? ಹಿಂಬದಿಗೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲೇಬೇಕು. ಹುಲ್ಲು, ಕಬ್ಬು ಇಳಿಬಿದ್ದು ಅವನ್ನು ಮುಚ್ಚಿದರೆ, ಹೇರಿನ ಮೇಲೆಯೇ ಹೊಳೆಯುವ ಪಟ್ಟಿ ಅಂಟಿಸಿದ ಹಲಗೆಯೊಂದನ್ನು ಕಟ್ಟಬೇಕು.

ಮೂರನೆಯದಾಗಿ, ಹೇರಿನ ಮೇಲೆ ಜನ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ, ಅದರಲ್ಲಿದ್ದ 10 ಮಂದಿ ವ್ಯಾಪಾರಿಗಳು ಸತ್ತರು. ಸವಣೂರಿನ ಓಣಿಗಳಲ್ಲಿ ಆ ದಿನದ ನೆನಪು ಇನ್ನೂ ಹಸಿಯಾಗಿದೆ. ಹೇರಿನ ಮೇಲೆ ಕುಳಿತವರನ್ನು ಯಾವ ಕನ್ನಡಿಯೂ ಕಾಯುವುದಿಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರುವವರಂತೂ ಕನ್ನಡಿಯನ್ನೇ ಮರೆಮಾಡುತ್ತಾರೆ. ಟ್ರ್ಯಾಕ್ಟರಿನ ಮೇಲೆ ಚಾಲಕನ ಹೊರತು ಬೇರೆ ಯಾರನ್ನೂ ಕೂರಿಸಬಾರದೆಂದು ಚಾಲನಾ ನಿಯಮಗಳೇ ಹೇಳುತ್ತವೆ.

ಯಾರು ಏನು ಮಾಡಬೇಕು?

ರಸ್ತೆಯಲ್ಲಿ ತಡೆದು ದಂಡ ಹಾಕುವುದು ಒಂದು ದಾರಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಹೊರಚಾಚಿದ ಹೇರಿಗೆ ಬೇರೆಯೇ ಕಲಮು ಸೇರಿ ದಂಡ ಬಿಗಿಯಾಯಿತು. ಆದರೂ ಹೇರು ಕಿರಿದಾಗಿಲ್ಲ. ಬೆಳೆಗೆ ಬೆಲೆ ಸಿಗದ ವರ್ಷ ದಂಡದ ಹೆದರಿಕೆಗಿಂತ ಡೀಸೆಲ್ಲಿನ ಲೆಕ್ಕವೇ ಭಾರವಾಗುತ್ತದೆ. ಆದ್ದರಿಂದ ಪೇಟೆ ಹತ್ತಿರವಾದಷ್ಟೂ ಹೇರು ಹಗುರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ಸುಗ್ಗಿಯ ಆರಂಭದಲ್ಲಿಯೇ, ಹೋಬಳಿಗೊಂದರಂತೆ ತೆರೆದರೆ ರೈತನಿಗೆ ಇನ್ನೊಂದು ಟ್ರಿಪ್ಪು ಹೊರೆಯಾಗುವುದಿಲ್ಲ. ಊರೂರಿಗೆ ಒಕ್ಕಣೆಯ ಸಿಮೆಂಟು ಕಣಗಳಾದರೆ ರಸ್ತೆಯ ಮೇಲಿನ ಗೋವಿನಜೋಳವೂ ಕಣಕ್ಕೆ ಹೋಗುತ್ತದೆ, ರಸ್ತೆಯ ಪೂರ್ಣ ಅಗಲ ವಾಹನಗಳಿಗೆ ಉಳಿಯುತ್ತದೆ.

ಕನ್ನಡಿಯ ವಿಷಯದಲ್ಲಿ ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಹೆಸರಿನ ಬಾಡಿಗೆ ಕೇಂದ್ರಗಳಿವೆ. ಅಲ್ಲಿಂದ ಹೊರಡುವ ಪ್ರತಿ ಟ್ರ್ಯಾಕ್ಟರಿಗೂ ಎಳೆಯುವ ತೋಳಿನ ಕನ್ನಡಿ ಕಟ್ಟಿಸಿದರೆ ರೈತರು ಅದನ್ನು ಕಣ್ಣಾರೆ ಕಂಡು ಕಲಿಯುತ್ತಾರೆ. ಸಹಾಯಧನದಲ್ಲಿ ಟ್ರೇಲರು, ರೋಟಾವೇಟರು ಕೊಡುವಾಗ ಒಂದು ಜೊತೆ ಕನ್ನಡಿಯನ್ನೂ ಪಟ್ಟಿಗೆ ಸೇರಿಸುವುದು ಸರಕಾರಕ್ಕೆ ಹೊರೆಯಾಗದು. ಸಂಗೂರಿನ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಟ್ರ್ಯಾಕ್ಟರುಗಳಿಗೆ ಹೊಳೆಯುವ ಪಟ್ಟಿಯ ಜೊತೆಗೆ ಕನ್ನಡಿಯ ತಪಾಸಣೆಯೂ ನಡೆಯಲಿ. ಕೃಷಿ ಉತ್ಪನ್ನ ಮಾರುಕಟ್ಟೆಯ ತೂಕದ ಕಟ್ಟೆಯ ಬಳಿ ಎರಡು ಬಣ್ಣದ ಕಂಬ ನೆಟ್ಟು ಎಂಟೂವರೆ ಅಡಿಯ ಗುರುತು ಮಾಡಿದರೆ, ತನ್ನ ಹೇರು ಎಷ್ಟು ಅಗಲವೆಂಬುದು ರೈತನಿಗೆ ಹೇಳದೆಯೇ ತಿಳಿಯುತ್ತದೆ.

ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಡುವ ರೈತರು ಇನ್ನೊಂದನ್ನೂ ನೆನಪಿಡಬೇಕು. ಟ್ರ್ಯಾಕ್ಟರು ಬೇರೆ, ಟ್ರೇಲರು ಬೇರೆ. ಎರಡಕ್ಕೂ ನೋಂದಣಿ, ವಿಮೆ ಬೇಕು. ಅನಾಹುತವಾದ ಮೇಲೆ ಟ್ರೇಲರಿಗೆ ವಿಮೆಯಿಲ್ಲವೆಂದು ತಿಳಿದು ಹೊಲ ಮಾರುವ ಪ್ರಸಂಗ ಯಾರಿಗೂ ಬಾರದಿರಲಿ.

ನನ್ನನ್ನು ಅಂದು ರಸ್ತೆಯ ಬದಿಗೆ ಇಳಿಸಿದ ರೈತರು ಈಗ ತಮ್ಮ ಟ್ರ್ಯಾಕ್ಟರಿಗೆ ಎಳೆಯುವ ತೋಳಿನ ಕನ್ನಡಿ ಮಾಡಿಸಿದ್ದಾರೆ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು: "ಕನ್ನಡಿ ಹಾಕಿಸಿದ ಮ್ಯಾಲೆ ಗೊತ್ತಾತ್ರಿ ಸಾಹೇಬ್ರ, ನನ್ನ ಹಿಂದ ಎಷ್ಟು ಮಂದಿ ಬರ್ತಿದ್ರಂತ." ಹುಲ್ಲಿನ ಹೇರನ್ನು ಈಗ ಅವರು ಕನ್ನಡಿಗೆ ಕಾಣುವಷ್ಟೇ ಅಗಲ ಕಟ್ಟುತ್ತಾರೆ, ಉಳಿದದ್ದಕ್ಕೆ ಇನ್ನೊಂದು ಟ್ರಿಪ್ಪು ಹೋಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸಂಸಾರಕ್ಕೆ. ರಸ್ತೆಗಿಳಿಯುವ ಹೇರಿಗೂ ಅದೇ ಮಾತು ಸಲ್ಲುತ್ತದೆ. ರೈತ ಬಾಂಧವರು ಈ ಸುಗ್ಗಿಗೆ ಟ್ರೇಲರು ಕಟ್ಟುವ ಮೊದಲು ಒಮ್ಮೆ ಹಗ್ಗ ಹಿಡಿದು ಅಳೆಯಬೇಕೆಂದು ವಿನಂತಿ.